ಒಂದು ಎಳೆ ಎಷ್ಟು ಹೇಳಬಲ್ಲದು?

ಪ್ರಶ್ನೆ: ನಾನು ಜವಳಿ ತಂತ್ರಜ್ಞಾನದ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದೇನೆ. ಮುಂದೆ ವಿಧಿವಿಜ್ಞಾನ ಓದುವ ಆಸೆಯಿದೆ. ಸ್ಥಳದಲ್ಲಿ ಸಿಕ್ಕ ಒಂದೇ ಒಂದು ಎಳೆಯಿಂದ ಆರೋಪಿಯ ಅಂಗಿಯನ್ನು ಪತ್ತೆ ಹಚ್ಚಿದರು ಎಂದು ಆಗಾಗ ಸುದ್ದಿ ಓದುತ್ತೇವೆ. ಅದು ನಿಜಕ್ಕೂ ಆಗುವ ಮಾತೇ? ಮಿಲ್ಲಿನಲ್ಲಿ ಕಲಿತ ಕೌಂಟು (ನೂಲಿನ ತೆಳುವಿನ ಅಳತೆ, ಅಂಕಿ ಹೆಚ್ಚಿದಷ್ಟು ನೂಲು ತೆಳು), ಹುರಿ (ನೂಲಿನ ತಿರುಚು), ಕಾರ್ಡಿಂಗ್ ಇವೆಲ್ಲ ಅಲ್ಲಿ ಉಪಯೋಗಕ್ಕೆ ಬರುತ್ತವೆಯೇ?

ಉತ್ತರ: ಒಂದೇ ಎಳೆಯಿಂದ "ಇದೇ ಅಂಗಿ" ಎಂದು ಹೇಳಲಾಗದು. "ಇಂಥದ್ದೊಂದು ಅಂಗಿ" ಎಂದು ಹೇಳಬಹುದು. "ಇದೇ" ಮತ್ತು "ಇಂಥದ್ದು" ಎಂಬ ಈ ಎರಡು ಮಾತುಗಳ ನಡುವೆ ಎಷ್ಟು ದೂರವಿದೆ ಎಂದು ಪ್ರಾಮಾಣಿಕವಾಗಿ ಅಳೆಯುವುದೇ ಜವಳಿ ಸಾಕ್ಷ್ಯದ ಕಸುಬು. ಆ ದೂರವನ್ನು ಕಡಿಮೆ ಮಾಡುವುದರಲ್ಲಿ ನೂಲಿನ ಜ್ಞಾನ ತುಂಬ ಕೆಲಸಕ್ಕೆ ಬರುತ್ತದೆ. ರಸಾಯನಶಾಸ್ತ್ರ ಓದಿ ಬಂದವರಿಗೆ ಹೆಚ್ಚಾಗಿ ಕೊರತೆಯಾಗುವುದು ಇದೇ ಜ್ಞಾನ. ಹಾಗಾಗಿ ನೀವು ಕಲಿತದ್ದು ವ್ಯರ್ಥವಲ್ಲ.

ಮೊದಲು ಪದಗಳನ್ನು ಬೇರೆ ಮಾಡಿಕೊಳ್ಳೋಣ. ಇಲ್ಲಿ ಎಳೆ ಎಂದರೆ ಕೂದಲಿನಂಥ ಒಂಟಿ ನಾರು. ಹತ್ತಿಯಲ್ಲಿ ಅದು 20ರಿಂದ 38 ಮಿ.ಮೀ. ಉದ್ದ, 12ರಿಂದ 20 ಮೈಕ್ರಾನ್ ದಪ್ಪ ಇರುತ್ತದೆ. ನೂಲು ಎಂದರೆ ಅಂಥ ಹತ್ತಾರು ಅಥವಾ ನೂರಾರು ಎಳೆಗಳನ್ನು ಹುರಿ ಹಾಕಿ ಕಟ್ಟಿದ್ದು. ಉದ್ದದ ಹಾಸು, ಅಡ್ಡದ ಹೊಕ್ಕು ನೂಲು ಸೇರಿದರೆ ಬಟ್ಟೆ. ಸುದ್ದಿಗಳಲ್ಲಿ ಇವು ಮೂರನ್ನೂ "ಎಳೆ" ಎಂದೇ ಬರೆಯುವುದರಿಂದ ಗೊಂದಲವಾಗುತ್ತದೆ. ಒಂಟಿ ಎಳೆಯಿಂದ ತಿಳಿಯುವುದು ಅದರ ಜಾತಿ ಮತ್ತು ಬಣ್ಣ. ನೂಲಿನ ತುಂಡು ಸಿಕ್ಕರೆ ಅದನ್ನು ಯಾವ ಯಂತ್ರದಲ್ಲಿ, ಹೇಗೆ ನೂತರು ಎಂಬುದೂ ತಿಳಿಯುತ್ತದೆ. ಹರಿದ ಬಟ್ಟೆಯ ತುಂಡು ಸಿಕ್ಕರೆ ಮಾತ್ರ "ಇದೇ" ಎನ್ನುವ ಅವಕಾಶ ಬರುತ್ತದೆ.

ಮಿಲ್ಲಿನಿಂದಲೇ ಶುರು ಮಾಡೋಣ, ಏಕೆಂದರೆ ಪ್ರತಿ ಯಂತ್ರವೂ ನೂಲಿನಲ್ಲಿ ತನ್ನ ಗುರುತು ಉಳಿಸುತ್ತದೆ. ಬ್ಲೋ ರೂಮಿನಲ್ಲಿ ಮೂಟೆ ಬಿಚ್ಚಿ, ಕಸ ಉದುರಿಸಿ, ಹತ್ತಿಯನ್ನು ಹಗುರ ಮಾಡುತ್ತಾರೆ. ಕಾರ್ಡಿಂಗ್ ಯಂತ್ರದ ತಂತಿ ಹಲ್ಲುಗಳು ಎಳೆಗಳನ್ನು ಬಿಡಿಬಿಡಿಯಾಗಿ ಬಾಚಿ ಸಡಿಲ ಹಗ್ಗದಂಥ ಸ್ಲೈವರ್ ಇಳಿಸುತ್ತವೆ. ಸ್ಲೈವರನ್ನು ಇಲ್ಲಿಂದ ನೇರವಾಗಿ ಮುಂದಕ್ಕೆ ಕಳಿಸಿದರೆ ಆ ನೂಲು ಕಾರ್ಡೆಡ್. ನಡುವೆ ಕೋಂಬರ್‌ಗೆ ಹಾಕಿ ಗಿಡ್ಡ ಎಳೆಗಳನ್ನು ತೆಗೆದರೆ ಅದು ಕೋಂಬ್ಡ್. ಕೋಂಬರ್ ಸಾಮಾನ್ಯವಾಗಿ ಶೇ. 12ರಿಂದ 20ರಷ್ಟು ಗಿಡ್ಡ ಎಳೆಯನ್ನು ಹೊರಹಾಕುತ್ತದೆ. ನೂಲಿನ ತುಂಡನ್ನು ಬಿಡಿಸಿ, ಎಳೆಗಳನ್ನು ಗಾಜಿನ ಮೇಲೆ ಸಾಲಾಗಿ ಹಾಸಿ ಉದ್ದ ಅಳೆದರೆ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಕಾರ್ಡೆಡ್ ನೂಲಿನಲ್ಲಿ 10 ಮಿ.ಮೀ.ಗಿಂತ ಗಿಡ್ಡ ಎಳೆಗಳು ಬೇಕಾದಷ್ಟು ಸಿಗುತ್ತವೆ, ಜೊತೆಗೆ ನೆಪ್ ಎನ್ನುವ ಪುಟ್ಟ ಗಂಟುಗಳೂ ಇರುತ್ತವೆ. ಕೋಂಬ್ಡ್ ನೂಲಿನಲ್ಲಿ ಇವೆರಡೂ ವಿರಳ. ಒಂದು ಎಚ್ಚರಿಕೆ: ತುಂಡಿನ ಉದ್ದವೇ 3 ಸೆಂ.ಮೀ. ಇದ್ದರೆ ಬಹುಪಾಲು ಎಳೆಗಳು ತುದಿಯಲ್ಲಿ ಕತ್ತರಿಸಿ ಹೋಗಿರುತ್ತವೆ, ಆಗ ಎಲ್ಲ ನೂಲೂ ಕಾರ್ಡೆಡ್‌ನಂತೆಯೇ ಕಾಣುತ್ತದೆ. ಎರಡೂ ತುದಿ ಕತ್ತರಿಸಿಹೋಗದೆ ಸಹಜವಾಗಿ ಉಳಿದಿರುವ ಎಳೆಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪಾಲಿಯೆಸ್ಟರ್ ಬೆರೆತಿದ್ದರೆ ಇನ್ನೊಂದು ಸುಳಿವು ಸಿಗುತ್ತದೆ. ಹತ್ತಿ ಯಂತ್ರಗಳಿಗೆಂದು ತಯಾರಾದ ಪಾಲಿಯೆಸ್ಟರ್ ಎಳೆಯನ್ನು ಕಾರ್ಖಾನೆಯಲ್ಲೇ ಒಂದೇ ಅಳತೆಗೆ, ಸಾಮಾನ್ಯವಾಗಿ 38 ಮಿ.ಮೀ.ಗೆ, ಕತ್ತರಿಸಿರುತ್ತಾರೆ. ಹತ್ತಿಯ ಎಳೆಗಳು ಉದ್ದದಲ್ಲಿ ಏರುಪೇರಾಗಿದ್ದರೆ ಪಾಲಿಯೆಸ್ಟರ್ ಎಳೆಗಳು ಶಿಸ್ತಾಗಿ ಒಂದೇ ಉದ್ದ ಇರುತ್ತವೆ.

ಸ್ಲೈವರನ್ನು ಎಳೆದು ತೆಳುಮಾಡುವ ಡ್ರಾಯಿಂಗ್, ಸಿಂಪ್ಲೆಕ್ಸ್ ಯಂತ್ರಗಳನ್ನು ದಾಟಿ, ನೂಲುವ ಯಂತ್ರವಾದ ರಿಂಗ್ ಫ್ರೇಮಿಗೆ ಬಂದಾಗ ಹುರಿ ಬೀಳುತ್ತದೆ. ತಜ್ಞರು ಹೆಚ್ಚು ಹೊತ್ತು ನೋಡುವುದು ಈ ಹುರಿಯನ್ನೇ. ನೂಲನ್ನು ನೆಟ್ಟಗೆ ಹಿಡಿದಾಗ ಸುರುಳಿಯ ಗೆರೆ ಎಡದಿಂದ ಬಲಕ್ಕೆ ಮೇಲೇರಿದರೆ ಝಡ್ ಹುರಿ, ಬಲದಿಂದ ಎಡಕ್ಕೆ ಮೇಲೇರಿದರೆ ಎಸ್ ಹುರಿ. ತಲೆಕೆಳಗು ಮಾಡಿದರೂ ದಿಕ್ಕು ಬದಲಾಗುವುದಿಲ್ಲ, ಅದಕ್ಕೇ ಈ ಲಕ್ಷಣವನ್ನು ನಂಬಬಹುದು. ಆದರೂ ಇದನ್ನು ತಪ್ಪಾಗಿ ಬರೆದುಕೊಳ್ಳುವುದುಂಟು. ಕೆಳಗಿನಿಂದ ಬೆಳಕು ಬರುವ ಸೂಕ್ಷ್ಮದರ್ಶಕದಲ್ಲಿ ಫೋಕಸ್ ನೂಲಿನ ಹಿಂಬದಿಗೆ ಇಳಿದಿದ್ದರೆ ಗೆರೆ ತಿರುಗಾಮುರುಗಾ ಕಾಣುತ್ತದೆ. ಕನ್ನಡಿಬಿಂಬದಂತೆ ತಿರುವಿಟ್ಟ ಫೋಟೋದಲ್ಲೂ ಇದೇ ಮೋಸ ಆಗುತ್ತದೆ. ಹುರಿಯ ದಿಕ್ಕನ್ನು ಮೇಲಿನಿಂದ ಬೆಳಕು ಬೀಳುವ ಸ್ಟೀರಿಯೊ ಸೂಕ್ಷ್ಮದರ್ಶಕದಲ್ಲಿ ನೋಡಿ, ಆ ಕ್ಷಣದಲ್ಲೇ ಬರೆದುಕೊಳ್ಳುವುದು ಒಳ್ಳೆಯದು.

ಒಂಟಿ ನೂಲು ಸಾಮಾನ್ಯವಾಗಿ ಝಡ್. ನೇಯ್ಗೆ ಅಥವಾ ಹೆಣಿಗೆಗೆ ಎರಡು ನೂಲು ಸೇರಿಸಿ ಹುರಿ ಮಾಡುವಾಗ ಎಸ್ ಕೊಡುತ್ತಾರೆ, ವಿರುದ್ಧ ಹುರಿಗಳು ಒಂದನ್ನೊಂದು ಹಿಡಿದಿಟ್ಟು ನೂಲು ಸುತ್ತಿಕೊಳ್ಳದೆ ನೆಟ್ಟಗಿರುತ್ತದೆ. ಹೊಲಿಗೆ ದಾರದಲ್ಲಿ ಇದು ಅದಲುಬದಲು: ಒಳಗಿನ ನೂಲು ಎಸ್, ಹೊರಗಿನ ಕೊನೆಯ ಹುರಿ ಝಡ್. ಹೊಲಿಗೆ ಯಂತ್ರದ ಸೂಜಿ ಮತ್ತು ಕೊಕ್ಕೆ ಸಾಮಾನ್ಯ ಲಾಕ್ ಹೊಲಿಗೆಯಲ್ಲಿ ಎಸ್ ಹುರಿಯನ್ನು ಬಿಚ್ಚುತ್ತಾ ಹೋಗುತ್ತವೆ, ಝಡ್ ಹುರಿಯನ್ನು ಬಿಗಿ ಮಾಡುತ್ತವೆ. ಆದ್ದರಿಂದ ಸಿಕ್ಕ ದಾರ ಬಟ್ಟೆಯದೋ ಹೊಲಿಗೆಯದೋ ಎಂಬುದು ಹಲವು ಬಾರಿ ಹುರಿಯ ದಿಕ್ಕಿನಲ್ಲೇ ತೀರ್ಮಾನವಾಗುತ್ತದೆ. ಇದನ್ನು ಗಮನಿಸದೆ ಹೊಲಿಗೆ ದಾರದ ತುಂಡನ್ನು ಅಂಗಿಯ ಹಾಸಿನ ನೂಲಿಗೆ ಹೋಲಿಸುತ್ತ ಕುಳಿತರೆ "ಹೊಂದುವುದಿಲ್ಲ" ಎಂಬ ತಪ್ಪು ಉತ್ತರ ಬರುತ್ತದೆ. ಆರೋಪಿಯ ಅಂಗಿಯಿಂದ ಮಾದರಿ ತೆಗೆಯುವಾಗ ಹಾಸು, ಹೊಕ್ಕು, ಹೊಲಿಗೆ ದಾರ, ಗುಂಡಿ ಕಟ್ಟಿದ ದಾರ, ಒಳಪಟ್ಟಿ ಎಲ್ಲವನ್ನೂ ಬೇರೆಬೇರೆಯಾಗಿ ತೆಗೆಯಬೇಕು ಎನ್ನುವುದು ಇದಕ್ಕೇ.

ಹುರಿ ಎಷ್ಟಿರಬೇಕು ಎಂಬುದಕ್ಕೆ ನೀವು ಕಲಿತ ಸೂತ್ರವೇ ಸಾಕು: ಕೌಂಟಿನ ವರ್ಗಮೂಲವನ್ನು ಟ್ವಿಸ್ಟ್ ಮಲ್ಟಿಪ್ಲೈಯರ್‌ನಿಂದ (ನೂಲಿನ ಉಪಯೋಗಕ್ಕೆ ತಕ್ಕಂತೆ ಆರಿಸುವ ಗುಣಕ) ಗುಣಿಸಿದರೆ ಇಂಚಿಗೆ ಬೀಳುವ ಹುರಿ. 30ರ ಕೌಂಟಿಗೆ ಮಲ್ಟಿಪ್ಲೈಯರ್ 4 ಇಟ್ಟರೆ ಇಂಚಿಗೆ ಸುಮಾರು 22 ಸುತ್ತು. ಹಾಸಿನ ನೂಲಿಗೆ 4ರಿಂದ 4.5, ಹೊಸೈರಿಗೆ 3.2ರಿಂದ 3.5ರ ಆಸುಪಾಸು ಇಡುವುದು ರೂಢಿ. ಅಂದರೆ ಕೌಂಟು ಒಂದೇ ಆಗಿದ್ದರೂ ಬನಿಯನ್ನಿನ ನೂಲು ಮೆತ್ತಗೆ, ಅಂಗಿಯ ಹಾಸು ಬಿರುಸು. ತಿಂಗಳುಗಟ್ಟಲೆ ಉಟ್ಟು ಒಗೆದ ಬಟ್ಟೆಯಲ್ಲಿ ಈ ಸಂಖ್ಯೆ ಸ್ವಲ್ಪ ಅತ್ತಿತ್ತ ಆಗುತ್ತದೆ. ನೂಲು ಕುಗ್ಗಿದರೆ ಇಂಚಿಗೆ ಸುತ್ತು ಹೆಚ್ಚು ಕಾಣುತ್ತವೆ. ಹೀಗಾಗಿ ಒಂದೆರಡು ಸುತ್ತಿನ ವ್ಯತ್ಯಾಸಕ್ಕೆ ಎರಡು ನೂಲು ಬೇರೆ ಎನ್ನಬಾರದು. ಒಂದೇ ಅಂಗಿಯ ಹತ್ತು ಕಡೆ ಅಳೆದು, ಅಂಗಿಯೊಳಗೇ ಎಷ್ಟು ಏರುಪೇರಿದೆ ಎಂದು ಮೊದಲು ತಿಳಿದುಕೊಳ್ಳಬೇಕು.

ರಿಂಗ್ ಫ್ರೇಮಿನಲ್ಲಿ ನೂತ ರಿಂಗ್ ನೂಲೋ, ತಿರುಗುವ ರೋಟರ್‌ನಲ್ಲಿ ನೂತ ರೋಟರ್ ನೂಲೋ ಎಂಬುದನ್ನು ಗುರುತಿಸಲು ಹುರಿ ಬಿಡಿಸಿದರೆ ಸಾಕು. ರಿಂಗ್ ನೂಲನ್ನು ಹಿಂದಕ್ಕೆ ತಿರುಗಿಸುತ್ತ ಹೋದರೆ ಎಳೆಗಳು ಸಮಾನಾಂತರವಾಗಿ ಬಿಚ್ಚಿಕೊಂಡು ಜಾರಿ ಹೋಗುತ್ತವೆ. ರೋಟರ್ ನೂಲು, ಅಂದರೆ ಓಪನ್ ಎಂಡ್, ಪೂರ್ತಿ ಬಿಚ್ಚುವುದೇ ಇಲ್ಲ. ಅದರ ಹೊರಮೈಯಲ್ಲಿ ಅಲ್ಲಲ್ಲಿ ಕೆಲವು ಎಳೆಗಳು ಸೊಂಟಪಟ್ಟಿಯಂತೆ ಅಡ್ಡಡ್ಡ ಬಿಗಿದುಕೊಂಡಿರುತ್ತವೆ. ಇದೇ ಕಾರಣಕ್ಕೆ ರೋಟರ್ ನೂಲಿನ ಹುರಿಯನ್ನು ಬಿಚ್ಚಿ ಅಳೆದರೆ ಯಂತ್ರ ಕೊಟ್ಟದ್ದಕ್ಕಿಂತ ಕಡಿಮೆ ಬರುತ್ತದೆ. ಗಾಳಿಯ ಸುಳಿಯಿಂದ ನೂತ ಏರ್‌ಜೆಟ್ ನೂಲಿನಲ್ಲಿ ಒಳತಿರುಳು ಹೆಚ್ಚುಕಡಿಮೆ ಹುರಿಯಿಲ್ಲದೆ ನೆಟ್ಟಗಿದ್ದು, ಹೊರಗಿನ ಎಳೆಗಳು ಅದನ್ನು ಸುತ್ತಿ ಹಿಡಿದಿರುತ್ತವೆ. ಕೈಯಲ್ಲಿ ನೂತ ಖಾದಿ ನೂಲಿನ ಲಕ್ಷಣ ಇನ್ನೊಂದು: ತೆಳ್ಳಗಾದ ಕಡೆ ಹುರಿ ಓಡಿ ಸೇರಿಕೊಂಡು ಬಿಗಿಯಾಗಿರುತ್ತದೆ, ದಪ್ಪ ಕಡೆ ಸಡಿಲ. ಒಂದೇ ಇಂಚಿನೊಳಗೆ ಈ ಏರಿಳಿತ ಕಾಣುತ್ತದೆ.

ಕೌಂಟು ಅಳೆಯುವುದು ಮಿಲ್ಲಿನಲ್ಲಿ ಸುಲಭ, 120 ಗಜದ ಲಡಿ ಸುತ್ತಿ ತೂಗಿದರಾಯಿತು. ಪ್ರಯೋಗಾಲಯಕ್ಕೆ ಬರುವುದು 5 ಸೆಂ.ಮೀ. ತುಂಡು. 30ರ ಕೌಂಟೆಂದರೆ 19.7 ಟೆಕ್ಸ್, ಅಂದರೆ ಸಾವಿರ ಮೀಟರಿಗೆ 19.7 ಗ್ರಾಂ. 5 ಸೆಂ.ಮೀ. ತುಂಡು ಹೆಚ್ಚುಕಡಿಮೆ 1 ಮಿಲಿಗ್ರಾಂ ತೂಗುತ್ತದೆ. ಮೈಕ್ರೊ ತಕ್ಕಡಿಯಿಲ್ಲದೆ ಇದು ಆಗದ ಕೆಲಸ, ಇದ್ದರೂ ಮೂರು ಕಡೆ ತಪ್ಪಬಹುದು. ಒಂದು, ಬಟ್ಟೆಯೊಳಗೆ ನೂಲು ಅಲೆಯಲೆಯಾಗಿ ಕುಳಿತಿರುತ್ತದೆ. ಬಟ್ಟೆಯ ಮೇಲೆ 5 ಸೆಂ.ಮೀ. ಗುರುತು ಹಾಕಿ ಎಳೆದ ನೂಲನ್ನು ನೆಟ್ಟಗೆ ಮಾಡಿದರೆ ಅದು 5.3 ಆಗಬಹುದು, ನೆಟ್ಟಗೆ ಮಾಡಿದ ಮೇಲಿನ ಉದ್ದವನ್ನೇ ಬಳಸಬೇಕು. ಎರಡು, ಗಂಜಿ. ಹಾಸಿನ ನೂಲಿಗೆ ಹಾಕಿದ ಗಂಜಿ ಶೇ. 10ರಷ್ಟು ತೂಕ ಸೇರಿಸಿದ್ದರೆ 30ರ ನೂಲು 27ರದ್ದಾಗಿ ಕಾಣುತ್ತದೆ. ಅಯೋಡಿನ್ ದ್ರಾವಣದ ಒಂದು ಹನಿ ತಾಗಿಸಿ ನೀಲಿಗಟ್ಟಿದರೆ ಪಿಷ್ಟದ ಗಂಜಿ ಇದೆ ಎಂದರ್ಥ. ಆದರೆ ಈ ಪರೀಕ್ಷೆಯನ್ನು ಮಾದರಿ ಬಟ್ಟೆಯ ನೂಲಿನ ಮೇಲೆ ಮಾಡಬೇಕೇ ಹೊರತು ಸ್ಥಳದಲ್ಲಿ ಸಿಕ್ಕ ತುಂಡಿನ ಮೇಲಲ್ಲ. ಮೂರು, ತೇವ. ಹತ್ತಿಗೆ ಲೆಕ್ಕದ ತೇವಾಂಶ ಶೇ. 8.5. ಮಳೆಗಾಲದ ಮಧ್ಯಾಹ್ನ ತೂಗಿದ್ದಕ್ಕೂ ಎ.ಸಿ. ಕೋಣೆಯಲ್ಲಿ ತೂಗಿದ್ದಕ್ಕೂ ವ್ಯತ್ಯಾಸ ಬರುತ್ತದೆ. ಎರಡೂ ನೂಲನ್ನು ಒಂದೇ ಕೋಣೆಯಲ್ಲಿ ಒಂದು ದಿನವಿಟ್ಟು ಒಟ್ಟಿಗೆ ತೂಗಬೇಕು.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಇಳಿಯುವವರು ರೇಷ್ಮೆಯನ್ನು ಬಿಡುವಂತಿಲ್ಲ. ರಾಮನಗರ, ಶಿಡ್ಲಘಟ್ಟದ ಗೂಡಿನಿಂದ ಬಿಚ್ಚುವ ನೂಲು ಹತ್ತಿಗಿಂತ ಪೂರ್ತಿ ಬೇರೆ ಕುಲ. ಒಂದು ಗೂಡಿನ ಎಳೆ ನೂರಾರು ಮೀಟರ್, ತಳಿ ಒಳ್ಳೆಯದಿದ್ದರೆ ಸಾವಿರಕ್ಕೂ ಹೆಚ್ಚು ಮೀಟರ್ ಉದ್ದ ಇರುತ್ತದೆ. ಅದು ವಾಸ್ತವದಲ್ಲಿ ಅಂಟಿಕೊಂಡ ಜೋಡಿ ಎಳೆ: ಎರಡು ಫೈಬ್ರಾಯಿನ್ ತಂತು, ಮೇಲೆ ಸೆರಿಸಿನ್ ಎಂಬ ಅಂಟಿನ ಪದರ. ಎಂಟು ಹತ್ತು ಗೂಡುಗಳನ್ನು ಬಿಸಿನೀರಿನ ಬೇಸಿನ್ನಿನಲ್ಲಿ ಒಟ್ಟಿಗೆ ಬಿಚ್ಚಿದರೆ 20/22 ಡೀನಿಯರ್ (ರೇಷ್ಮೆ ನೂಲಿನ ದಪ್ಪದ ಅಳತೆ) ಕಚ್ಚಾ ರೇಷ್ಮೆಯಾಗುತ್ತದೆ. ಆಮೇಲೆ ಹುರಿ ಮಾಡುವ ಘಟಕ, ಬಳಿಕ ಸೋಪು ಸೋಡಾ ನೀರಿನಲ್ಲಿ ಕುದಿಸಿ ಅಂಟು ತೆಗೆಯುವುದು. ಅಂಟು ಹೋದಾಗ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಕಳೆದುಹೋಗುತ್ತದೆ. ಹೀಗಾಗಿ ಜೋಡಿ ತಂತು ಅಂಟಿಕೊಂಡೇ ಇದ್ದರೆ ಅದು ಕಚ್ಚಾ ರೇಷ್ಮೆ. ಬಿಡಿಬಿಡಿಯಾಗಿ, ಅಡ್ಡ ಕತ್ತರಿಸಿದಾಗ ಮೂಲೆ ಸವೆದ ತ್ರಿಕೋನದಂತೆ ಕಂಡರೆ ಅಂಟು ತೆಗೆದ ರೇಷ್ಮೆ. ಕಾಡು ರೇಷ್ಮೆಯಾದ ಟಸಾರ್‌ನ ಎಳೆ ಚಪ್ಪಟೆ, ಮೈಮೇಲೆ ಉದ್ದುದ್ದ ಗೀರುಗಳು. ಕ್ರೇಪ್ ಬಟ್ಟೆಯಾದರೆ ಹೊಕ್ಕಿನ ನೂಲಿಗೆ ಮೀಟರಿಗೆ ಎರಡು ಸಾವಿರದ ಆಚೀಚೆ ಹುರಿ ಇರುತ್ತದೆ, ಎರಡು ಎಸ್ ಎರಡು ಝಡ್ ಎಂಬಂತೆ ಬದಲಿಸುತ್ತ ನೇಯುತ್ತಾರೆ. ಅಂಥ ಸೀರೆಯಿಂದ ಒಂದೇ ಒಂದು ನೂಲು ಸಿಕ್ಕರೆ ಅದು ಎಸ್ ಆಗಿರಲೂಬಹುದು, ಝಡ್ ಆಗಿರಲೂಬಹುದು. ಮಾದರಿಯಾಗಿ ಸೀರೆಯ ಒಂದೇ ಹೊಕ್ಕು ತೆಗೆದವರು ಇಲ್ಲಿ ಮುಗ್ಗರಿಸುತ್ತಾರೆ.

ರೇಷ್ಮೆಯ ಇನ್ನೊಂದು ಗುಣ ತನಿಖೆಗೆ ಬಹಳ ಮುಖ್ಯ: ಅದು ಎಳೆ ಉದುರಿಸುವುದಿಲ್ಲ. ಉದ್ದ ತಂತುವಿನಿಂದಾದ ನುಣುಪು ಬಟ್ಟೆಗೆ ಬಿಡಿ ತುದಿಗಳೇ ಕಡಿಮೆ. ನೈಲಾನ್ ಸೀರೆಯೂ ಹಾಗೆಯೇ. ಉಣ್ಣೆಯ ಕಂಬಳಿ, ಫ್ಲೀಸ್ ಜರ್ಕಿನ್, ಹಳೆಯ ಟವೆಲ್ ಇವೆಲ್ಲ ಮುಟ್ಟಿದರೆ ಸಾಕು ಉದುರಿಸುತ್ತವೆ. "ಅವಳ ಸೀರೆಯ ಎಳೆ ಅವನ ಅಂಗಿಯ ಮೇಲೆ ಸಿಗಲಿಲ್ಲ, ಆದ್ದರಿಂದ ಮುಟ್ಟಿಲ್ಲ" ಎಂಬ ವಾದ ಕಂಬಳಿಯ ವಿಷಯದಲ್ಲಿ ಸ್ವಲ್ಪ ತೂಕವುಳ್ಳದ್ದು, ರೇಷ್ಮೆ ಸೀರೆಯ ವಿಷಯದಲ್ಲಿ ಏನೇನೂ ಅಲ್ಲ.

ಇನ್ನು ಒಂಟಿ ಎಳೆ. ಪ್ರಯೋಗಾಲಯದಲ್ಲಿ ನಿಯಮ ಒಂದೇ: ಎಳೆಯನ್ನು ಹಾಳುಮಾಡದ ಪರೀಕ್ಷೆಗಳೆಲ್ಲ ಮೊದಲು, ಹಾಳುಮಾಡುವವು ಕೊನೆಗೆ. ಕಾಲೇಜಿನಲ್ಲಿ ಮೊದಲು ಕಲಿಸುವ ಸುಡುವ ಪರೀಕ್ಷೆ ಇಲ್ಲಿ ನಿಷಿದ್ಧವೆಂದೇ ತಿಳಿಯಿರಿ. ಹತ್ತಿ ಕಾಗದದಂತೆ ಉರಿಯುತ್ತದೆ, ರೇಷ್ಮೆ ಮತ್ತು ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತವೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ಎಲ್ಲವೂ ಸರಿ. ಆದರೆ ಸುಟ್ಟ ಮೇಲೆ ಸಾಕ್ಷ್ಯವೇ ಉಳಿಯುವುದಿಲ್ಲ.

ಎಳೆಯನ್ನು ಗಾಜಿನ ಮೇಲೆ ಪಾರದರ್ಶಕ ದ್ರವದಲ್ಲಿ ಕೂರಿಸಿ ನೋಡಿದರೆ ಹತ್ತಿ ತಿರುಚಿದ ರಿಬ್ಬನ್ನಿನಂತೆ ಕಾಣುತ್ತದೆ, ನಡುವೆ ಟೊಳ್ಳು. ಕಾಸ್ಟಿಕ್ ಸೋಡಾದಲ್ಲಿ ಬಿಗಿಹಿಡಿದು ಮರ್ಸರೈಸ್ ಮಾಡಿದ್ದರೆ ತಿರುಚು ಕಡಿಮೆಯಾಗಿ ಎಳೆ ಉಬ್ಬಿ ದುಂಡಗಾಗಿರುತ್ತದೆ. ಕೃತಕ ಎಳೆಗಳು ಗಾಜಿನ ಕಡ್ಡಿಯಂತಿರುತ್ತವೆ. ಹೊಳಪು ಕುಗ್ಗಿಸಲು ಹಾಕಿದ ಟೈಟಾನಿಯಂ ಡೈಆಕ್ಸೈಡ್ ಪುಡಿ ಅವುಗಳೊಳಗೆ ಕರಿ ಚುಕ್ಕೆಗಳಾಗಿ ಕಾಣುತ್ತದೆ, ಚುಕ್ಕೆಗಳ ಸಾಂದ್ರತೆ ಕೂಡ ಹೋಲಿಕೆಗೆ ಬರುತ್ತದೆ. ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಜಾತಿ ಬೇರ್ಪಡುತ್ತದೆ. ಎಳೆಯ ಉದ್ದಕ್ಕೂ ಅಡ್ಡಕ್ಕೂ ಬೆಳಕು ಬಾಗುವ ಪ್ರಮಾಣದ ವ್ಯತ್ಯಾಸ ಪಾಲಿಯೆಸ್ಟರ್‌ನಲ್ಲಿ 0.17ರ ಆಸುಪಾಸು, ನೈಲಾನ್‌ನಲ್ಲಿ 0.06, ವಿಸ್ಕೋಸ್‌ನಲ್ಲಿ 0.02ರಿಂದ 0.03, ಅಕ್ರಿಲಿಕ್‌ನಲ್ಲಿ ಸೊನ್ನೆಯ ಹತ್ತಿರ. ಇಷ್ಟು ದೂರ ದೂರದ ಅಂಕಿಗಳಾದ್ದರಿಂದ ಅನುಭವಿಗಳಿಗೆ ಇದು ಕೆಲವೇ ನಿಮಿಷದ ಕೆಲಸ. ಸಂದೇಹ ಉಳಿದರೆ ಅವಕೆಂಪು ಬೆಳಕಿನಿಂದ ಎಳೆಯ ರಾಸಾಯನಿಕ ರಚನೆ ಗುರುತಿಸುವ ಎಫ್‌ಟಿಐಆರ್ ಉಪಕರಣ ಇದೆ.

ಅಲ್ಲಿಂದ ಮುಂದೆ ಎಲ್ಲವೂ ಬಣ್ಣದ ವಿಚಾರ. ಕಣ್ಣಿಗೆ ಒಂದೇ ಕಡುನೀಲಿ ಎನಿಸುವ ಎರಡು ಪಾಲಿಯೆಸ್ಟರ್ ಎಳೆಗಳಲ್ಲಿ ಬಣ್ಣದ ಮಿಶ್ರಣ ಬೇರೆಯೇ ಇರಬಹುದು. ಬಿಸಿಲಿನಲ್ಲಿ ಒಂದೇ ಆಗಿ ಕಂಡ ಎರಡು ಬಟ್ಟೆ ಅಂಗಡಿಯ ಟ್ಯೂಬ್‌ಲೈಟಿನಡಿ ಬೇರೆಯಾಗಿ ಕಂಡದ್ದು ಸೀರೆಗೆ ರವಿಕೆ ಹೊಂದಿಸಿದ ಎಲ್ಲರಿಗೂ ಗೊತ್ತು. ಈ ಮೋಸಕ್ಕೆ ಮದ್ದು ಮೈಕ್ರೊಸ್ಪೆಕ್ಟ್ರೊಫೋಟೊಮೀಟರ್. ಒಂಟಿ ಎಳೆಯ ಮೂಲಕ ಬೆಳಕು ಹಾಯಿಸಿ, ಯಾವ ತರಂಗಾಂತರ ಎಷ್ಟು ಹೀರಿಕೊಂಡಿತು ಎಂದು ಗೆರೆ ಎಳೆದು ತೋರಿಸುತ್ತದೆ. ಸಿಕ್ಕ ಎಳೆಯನ್ನೂ ಮಾದರಿಯನ್ನೂ ಹೋಲಿಕೆ ಸೂಕ್ಷ್ಮದರ್ಶಕದಲ್ಲಿ ಅಕ್ಕಪಕ್ಕ ಇಟ್ಟು, ಸಾಮಾನ್ಯ ಬೆಳಕಿನಲ್ಲಿ, ನೇರಳಾತೀತದಲ್ಲಿ ನೋಡಿದ ಮೇಲೆ ಇದನ್ನು ಮಾಡುತ್ತಾರೆ. ನೇರಳಾತೀತದಲ್ಲಿ ಬಿಳಿ ಹತ್ತಿ ನೀಲಿಯಾಗಿ ಬೆಳಗಿದರೆ ಅದು ಬಟ್ಟೆಗೆ ಅಥವಾ ಸೋಪಿನ ಪುಡಿಗೆ ಸೇರಿಸಿದ ಬೆಳ್ಪು ರಾಸಾಯನಿಕದ ಕೆಲಸ. ಬಣ್ಣವನ್ನು ಕರಗಿಸಿ ತೆಗೆದು, ಅದರ ಮಿಶ್ರಣವನ್ನು ತೆಳು ಪದರದ ಮೇಲೆ ಬೇರ್ಪಡಿಸುವ ಟಿಎಲ್‌ಸಿ ಪರೀಕ್ಷೆ ಎಲ್ಲಕ್ಕೂ ಕೊನೆ, ಎಳೆಗಳು ಸಾಕಷ್ಟಿದ್ದರೆ ಮಾತ್ರ.

ಇಷ್ಟೆಲ್ಲ ಹೊಂದಿದರೂ ಬೆಲೆ ಎಷ್ಟು ಎಂಬುದು ಆ ಎಳೆ ಎಷ್ಟು ಅಪರೂಪ ಎನ್ನುವುದರ ಮೇಲೆ ನಿಂತಿದೆ. ಬಣ್ಣವಿಲ್ಲದ ಬಿಳಿ ಹತ್ತಿಯ ಎಳೆ ಎಲ್ಲರ ಮೈಮೇಲೂ ಇರುತ್ತದೆ. ಜೀನ್ಸ್‌ನ ಇಂಡಿಗೊ ನೀಲಿ ಹತ್ತಿಯೂ ಹಾಗೆಯೇ. ಅವು ಸಿಕ್ಕರೂ ಒಂದೇ, ಸಿಗದಿದ್ದರೂ ಒಂದೇ.

ಅಪರೂಪದ ಎಳೆ ಏನು ಮಾಡಬಲ್ಲದು ಎಂಬುದಕ್ಕೆ ಅಮೆರಿಕದ ಅಟ್ಲಾಂಟಾದ ಪ್ರಕರಣವನ್ನು ನೀವು ಓದಲೇಬೇಕು. 1979ರಿಂದ 1981ರವರೆಗೆ ಅಲ್ಲಿ ಎರಡು ಡಜನ್‌ಗೂ ಹೆಚ್ಚು ಮಕ್ಕಳು, ತರುಣರು ಕೊಲೆಯಾದರು. ಹಲವು ಶವಗಳ ಮೇಲೆ ಹಳದಿ ಮಿಶ್ರಿತ ಹಸಿರು ನೈಲಾನ್ ಎಳೆಗಳು ಸಿಕ್ಕವು. ದಪ್ಪ ಎಳೆ, ಅಡ್ಡ ಕತ್ತರಿಸಿದರೆ ವಿಚಿತ್ರ ಆಕಾರದ ಮೂರು ಬಾಹು. ಹಾಗಾಗಿ ಕಾರ್ಪೆಟ್‌ನದೇ ಎಂದು ತಿಳಿಯಿತು. ಎಳೆ ಸಿಗುತ್ತಿರುವ ಸುದ್ದಿ 1981ರ ಫೆಬ್ರುವರಿಯಲ್ಲಿ ಪತ್ರಿಕೆಯಲ್ಲಿ ಬಂದದ್ದೇ ತಡ, ಶವಗಳು ಬಟ್ಟೆ ಕಳಚಿದ ಸ್ಥಿತಿಯಲ್ಲಿ ನದಿಯಲ್ಲಿ ಸಿಗತೊಡಗಿದವು. ಪೊಲೀಸರು ಸೇತುವೆಗಳನ್ನು ಕಾಯಲು ಹೋಗಿ, ಮೇ ತಿಂಗಳ ಒಂದು ನಸುಕಿನಲ್ಲಿ ವೇಯ್ನ್ ವಿಲಿಯಮ್ಸ್‌ನನ್ನು ತಡೆದರು. ಅವನ ಮನೆಯ ಕಾರ್ಪೆಟ್ ಹೊಂದಿತು.

ಮುಂದಿನದು ಜವಳಿ ಉದ್ಯಮದ ಕಡತಗಳ ಕೆಲಸ. ಆ ಆಕಾರದ ಎಳೆಯನ್ನು ತಯಾರಿಸಿದ್ದು ವೆಲ್‌ಮನ್ ಕಂಪನಿ. ಅದನ್ನು ಕೊಂಡು, ಅದೇ ಹಸಿರು ಬಣ್ಣದಲ್ಲಿ ಕಾರ್ಪೆಟ್ ಮಾಡಿದ್ದು ವೆಸ್ಟ್ ಪಾಯಿಂಟ್ ಪೆಪರೆಲ್, ಅದೂ 1970-71ರ ಒಂದು ವರ್ಷ ಮಾತ್ರ. ಆಗ್ನೇಯದ ಹತ್ತು ರಾಜ್ಯಗಳಿಗೆ ಹೋದದ್ದು 16,397 ಚದರ ಗಜ. ಒಂದು ಕೋಣೆಗೆ 20 ಚದರ ಗಜ ಎಂದರೆ 820 ಕೋಣೆ. ಹತ್ತು ರಾಜ್ಯಕ್ಕೆ ಸಮನಾಗಿ ಹಂಚಿದರೆ ಜಾರ್ಜಿಯಾಕ್ಕೆ 82. ಆ 82 ಕೋಣೆಗಳೂ ಅಟ್ಲಾಂಟಾದಲ್ಲೇ ಇವೆ ಎಂದುಕೊಂಡರೂ ಅಲ್ಲಿನ ಪ್ರತಿ 7,792 ಮನೆಗಳಲ್ಲಿ ಒಂದಕ್ಕೆ ಮಾತ್ರ ಆ ಕಾರ್ಪೆಟ್ ಇರಲು ಸಾಧ್ಯ ಎಂಬ ಲೆಕ್ಕ ನ್ಯಾಯಾಲಯಕ್ಕೆ ಹೋಯಿತು. ಜೊತೆಗೆ ಹಾಸಿಗೆ ಹೊದಿಕೆಯ ನೇರಳೆ ಅಸಿಟೇಟ್, ಕಾರಿನ ಕಾರ್ಪೆಟ್, ನಾಯಿಯ ಕೂದಲು. 1982ರ ಫೆಬ್ರುವರಿಯಲ್ಲಿ ಇಬ್ಬರು ವಯಸ್ಕರ ಕೊಲೆಗೆ ಅವನಿಗೆ ಶಿಕ್ಷೆಯಾಯಿತು.

ಈ ಲೆಕ್ಕದಲ್ಲಿ ಊಹೆಗಳಿವೆ. ಮಾರಾಟ ಹತ್ತೂ ರಾಜ್ಯಕ್ಕೆ ಸಮನಾಗಿ ಹಂಚಿಹೋಯಿತು ಎಂಬುದು ಊಹೆಯೇ. ನನ್ನ ಮಟ್ಟಿಗೆ 7,792 ಎಂಬ ಅಂಕಿಗಿಂತ ಗಟ್ಟಿಯಾದದ್ದು ಒಂದೇ ಶವದ ಮೇಲೆ ಬೇರೆಬೇರೆ ಮೂಲದ ಹಲವು ಬಗೆಯ ಎಳೆಗಳು ಒಟ್ಟಿಗೆ ಸಿಕ್ಕಿ, ಅವೆಲ್ಲವೂ ಒಂದೇ ಮನೆಗೆ ಹೊಂದಿದ್ದು. ಒಂದು ಬಗೆಯ ಎಳೆ ಆಕಸ್ಮಿಕವಾಗಿ ಹೊಂದಬಹುದು, ನಾಲ್ಕೈದು ಬಗೆ ಒಟ್ಟಿಗೆ ಹೊಂದುವುದು ಬಹಳ ಕಷ್ಟ. ಅಲ್ಲಿಯೂ ತಜ್ಞರ ಮಾತು "ಇಂಥದ್ದು" ಎಂಬುದೇ, ಆದರೆ "ಇಂಥದ್ದು" ಎಂಬುದು ತೀರ ಕಿರಿದಾಗಿತ್ತು.

ಫ್ರಾನ್ಸಿನ ಲಿಯಾನ್ ನಗರದಲ್ಲಿ 1910ರಲ್ಲಿ ಪೊಲೀಸ್ ಪ್ರಯೋಗಾಲಯ ತೆರೆದ ಎಡ್ಮಂಡ್ ಲೊಕಾರ್ಡ್ ಅವರ ತತ್ವ ನಿಮಗೆ ಪಠ್ಯದಲ್ಲಿ ಸಿಗುತ್ತದೆ: ಮುಟ್ಟಿದ್ದೆಲ್ಲ ಗುರುತು ಬಿಡುತ್ತದೆ. ಅದರ ಜೊತೆ ಇನ್ನೊಂದು ಮಾತನ್ನೂ ಸೇರಿಸಿ ಓದಿ: ಆ ಗುರುತು ಉಳಿಯುವುದಿಲ್ಲ. ಬ್ರಿಟನ್ನಿನಲ್ಲಿ ಪೌಂಡ್ಸ್ ಮತ್ತು ಸ್ಮಾಲ್ಡನ್ 1975ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನು ತೋರಿಸಿದವು. ಒಬ್ಬರ ಬಟ್ಟೆಯಿಂದ ಇನ್ನೊಬ್ಬರ ಬಟ್ಟೆಗೆ ಅಂಟಿದ ಎಳೆಗಳಲ್ಲಿ ಬಹುಪಾಲು ಓಡಾಟದ ಮೊದಲ ನಾಲ್ಕು ಗಂಟೆಯಲ್ಲೇ ಉದುರುತ್ತವೆ, ಒಂದು ದಿನದ ಬಳಿಕ ಉಳಿಯುವುದು ಅಲ್ಪ. ಶವ ಓಡಾಡುವುದಿಲ್ಲವಾದ್ದರಿಂದ ಅದರ ಮೇಲಿನ ಎಳೆಗಳು ಬಹಳ ಕಾಲ ಉಳಿಯುತ್ತವೆ. ಆದರೆ ಶವವನ್ನು ಎತ್ತಿ ಹೊರಳಿಸುವಾಗ, ಬೆಡ್‌ಶೀಟಿನಲ್ಲಿ ಸುತ್ತುವಾಗ ಅವೂ ಹೋಗುತ್ತವೆ, ಬೆಡ್‌ಶೀಟಿನ ಎಳೆಗಳು ಬಂದು ಸೇರುತ್ತವೆ. ಅದಕ್ಕೇ ಶವವನ್ನು ಅಲುಗಿಸುವ ಮೊದಲೇ ಟೇಪಿನಿಂದ ಎಳೆ ಎತ್ತಬೇಕು.

ಟೇಪ್ ಎತ್ತುವುದು ಸರಳವಾಗಿ ಕಂಡರೂ ಹಾಳಾಗುವುದು ಅಲ್ಲೇ. ಪಾರದರ್ಶಕ ಅಂಟು ಟೇಪನ್ನು ಒಂದು ಜಾಗಕ್ಕೆ ಒಂದರಂತೆ ಒತ್ತಿ ತೆಗೆದು, ಸ್ವಚ್ಛವಾದ ಪಾರದರ್ಶಕ ಹಾಳೆಗೆ ಅಂಟಿಸಬೇಕು. ಬಿಳಿ ಕಾಗದಕ್ಕೆ ಅಂಟಿಸಿದರೆ ಕಾಗದದ ನಾರುಗಳೇ ಬೆರೆತು ಹೋಗುತ್ತವೆ, ಎಳೆಯನ್ನು ಬಿಡಿಸಲೂ ಆಗದು. ಎಡಭುಜ, ಬಲಭುಜ, ಬೆನ್ನು ಎಂದು ಜಾಗ ಬರೆಯಬೇಕು. ಬಟ್ಟೆಗಳನ್ನು ಒಂದೊಂದಾಗಿ ಕಾಗದದ ಚೀಲದಲ್ಲಿ ಹಾಕಬೇಕು. ಒದ್ದೆಯಿದ್ದರೆ ನೆರಳಿನಲ್ಲಿ ಹೊಸ ಕಾಗದದ ಮೇಲೆ ಒಣಗಿಸಿ, ಕೆಳಗೆ ಹಾಸಿದ ಕಾಗದವನ್ನೂ ಮಡಚಿ ಕಳಿಸಬೇಕು, ಉದುರಿದ್ದು ಅದರಲ್ಲಿರುತ್ತದೆ. ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೂಸ್ಟು ಹಿಡಿಯುತ್ತದೆ. ಸ್ಟೇಪ್ಲರ್ ಪಿನ್ ಬೇಡ, ರಂಧ್ರದಿಂದ ಎಳೆ ಒಳಗೂ ಹೊರಗೂ ಹೋಗುತ್ತದೆ.

ಎಲ್ಲಕ್ಕಿಂತ ಘೋರವಾದದ್ದು ಬೆರಕೆ. ಮೃತರ ಬಟ್ಟೆಯ ಮೂಟೆ ಇಟ್ಟಿದ್ದ ಜೀಪಿನ ಸೀಟಿನಲ್ಲೇ ಆರೋಪಿಯನ್ನು ಕೂರಿಸಿ ಠಾಣೆಗೆ ಕರೆತಂದರೆ ಅಲ್ಲಿಗೆ ಎಳೆ ಸಾಕ್ಷ್ಯ ಮುಗಿಯಿತು. ಆಮೇಲೆ ಎಷ್ಟೇ ಒಳ್ಳೆಯ ಯಂತ್ರವಿದ್ದರೂ ಅದನ್ನು ಉಳಿಸಲಾಗದು. ಇಬ್ಬರ ಬಟ್ಟೆಯನ್ನೂ ಒಬ್ಬರೇ, ಒಂದೇ ಮೇಜಿನ ಮೇಲೆ, ಒಂದೇ ದಿನ ಬಿಚ್ಚಬಾರದು. ಮಹಜರಿನಲ್ಲಿ ಯಾವ ಮುದ್ದೆಮಾಲನ್ನು ಯಾರು, ಎಲ್ಲಿ, ಎಷ್ಟು ಗಂಟೆಗೆ ಮೊಹರು ಮಾಡಿದರು ಎಂದು ಬರೆಯುವುದು ಕಾಗದದ ಶಾಸ್ತ್ರವಲ್ಲ, ಬೆರಕೆ ಆಗಿಲ್ಲ ಎಂಬುದಕ್ಕೆ ಇರುವ ಪುರಾವೆಯೇ ಅದು.

ಕುತ್ತಿಗೆಗೆ ಬಿಗಿದ ಹಗ್ಗ ಅಥವಾ ಬಟ್ಟೆಯ ವಿಷಯದಲ್ಲಿ ಗಂಟನ್ನು ಬಿಚ್ಚಬಾರದು, ಅದರ ಮೇಲೆ ಕತ್ತರಿ ಹಾಕಲೂಬಾರದು. ಗಂಟಿನಿಂದ ದೂರ ಕತ್ತರಿಸಿ, ಆ ಎರಡು ತುದಿಗಳನ್ನು ಬೇರೆ ಬಣ್ಣದ ದಾರದಿಂದ ಕಟ್ಟಿ "ವೈದ್ಯರು ಕತ್ತರಿಸಿದ್ದು" ಎಂದು ಚೀಟಿ ಹಾಕಬೇಕು. ಇಲ್ಲದಿದ್ದರೆ ಅಪರಾಧಿ ಕತ್ತರಿಸಿದ ತುದಿ ಯಾವುದು ಎಂಬುದೇ ಕಳೆದುಹೋಗುತ್ತದೆ. ಹಗ್ಗ ಸೆಣಬಿನದೋ, ತೆಂಗಿನ ನಾರಿನದೋ, ಕತ್ತಾಳೆಯದೋ, ಪ್ಲಾಸ್ಟಿಕ್ಕಿನದೋ ಎಂದು ನೋಡಿದ ಮೇಲೆ ಎಷ್ಟು ನೂಲಿಗೆ ಒಂದು ಹುರಿ, ಎಷ್ಟು ಹುರಿಗೆ ಒಂದು ಹಗ್ಗ, ಪ್ರತಿ ಹಂತದಲ್ಲಿ ಎಸ್ ಅಥವಾ ಝಡ್ ಎಂದು ಬರೆಯುತ್ತ ಹೋಗುವುದು ನೂಲಿನ ವಿಧಾನವೇ.

ಇನ್ನು "ಇದೇ" ಎನ್ನುವ ಸಂದರ್ಭ. ಹರಿದ ಅಂಗಿಯ ಚೂರು ಬೇಲಿಗೆ ಸಿಕ್ಕಿಕೊಂಡಿದೆ, ಅಂಗಿ ಆರೋಪಿಯ ಮನೆಯಲ್ಲಿದೆ ಎನ್ನೋಣ. ಎರಡೂ ಅಂಚುಗಳನ್ನು ಸ್ಟೀರಿಯೊ ಸೂಕ್ಷ್ಮದರ್ಶಕದಡಿ ಎದುರುಬದುರು ಇಟ್ಟು, ನೂಲಿಗೆ ನೂಲು ಎಣಿಸುತ್ತಾರೆ. ಈ ಕಡೆ ಉದ್ದ ಉಳಿದ ನೂಲಿಗೆ ಆ ಕಡೆ ಗಿಡ್ಡ ನೂಲು ಎದುರಾಗಬೇಕು. ಚೆಕ್ಸ್ ಗೆರೆ, ಹೊಲಿಗೆ ರಂಧ್ರ, ಕಲೆಯ ಅಂಚು, ನೇಯ್ಗೆಯ ದೋಷ ಎಲ್ಲವೂ ದಾಟಿ ಮುಂದುವರಿಯಬೇಕು. ಆಗ ಮಾತ್ರ ಈ ಚೂರು ಈ ಅಂಗಿಯದೇ ಎಂದು ಬರೆಯಬಹುದು. ಕತ್ತರಿಯಿಂದ ನೇರ ಕತ್ತರಿಸಿದ್ದರೆ ಹೀಗೆ ಹೊಂದಿಸಲು ಹಿಡಿ ಸಿಗುವುದಿಲ್ಲ. ಹರಿದದ್ದೋ ಕತ್ತರಿಸಿದ್ದೋ ಎಂಬುದು ಎಳೆಯ ತುದಿಗಳಲ್ಲಿ ತಿಳಿಯುತ್ತದೆ: ಕತ್ತರಿ ತುದಿಗಳನ್ನು ಒಂದೇ ಸಾಲಿನಲ್ಲಿ ಹಿಸುಕಿ ಬಿಡುತ್ತದೆ, ಹರಿದಾಗ ಪ್ರತಿ ಎಳೆಯೂ ಬೇರೆ ಬೇರೆ ಕಡೆ ತುಂಡಾಗುತ್ತದೆ, ಬಿಸಿಗೆ ಕರಗಿದ ನೈಲಾನ್ ಪಾಲಿಯೆಸ್ಟರ್ ತುದಿಯಲ್ಲಿ ಗುಂಡು ಕಟ್ಟುತ್ತದೆ.

ಕಾನೂನಿನ ಕಡೆ ಎರಡು ವಿಷಯ ಗೊತ್ತಿದ್ದರೆ ಸದ್ಯಕ್ಕೆ ಸಾಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಂ ತಜ್ಞರ ಅಭಿಪ್ರಾಯಕ್ಕೆ ಜಾಗ ಕೊಡುತ್ತದೆ, ಹಿಂದಿನ ಕಾಯ್ದೆಯಲ್ಲಿ ಅದು 45ನೇ ಕಲಮಾಗಿತ್ತು. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3) ಹೇಳುತ್ತದೆ. ನಿಮ್ಮಂಥವರಿಗೆ ಕೆಲಸ ಹೆಚ್ಚುವುದು ಇದರಿಂದಲೇ. ಓದಲು ದೂರ ಹೋಗಬೇಕಿಲ್ಲ, ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಒಂದು ಕ್ಯಾಂಪಸ್ ಧಾರವಾಡದಲ್ಲೇ ಇದೆ. ಪ್ರವೇಶಕ್ಕೆ ಯಾವ ಪದವಿ ಬೇಕು ಎಂದು ಮೊದಲೇ ವಿಚಾರಿಸಿಕೊಳ್ಳಿ, ಡಿಪ್ಲೊಮಾದ ಬಳಿಕ ಪದವಿ ಮುಗಿಸಬೇಕಾಗಬಹುದು.

ಅಲ್ಲಿಯವರೆಗೆ ಮನೆಯಲ್ಲೇ ಒಂದು ಅಭ್ಯಾಸ ಮಾಡಿ. ಹಳೆಯ ಅಂಗಿ, ಜೀನ್ಸ್, ಟವೆಲ್, ಬನಿಯನ್, ಅಮ್ಮನ ಹಳೆ ರೇಷ್ಮೆ ಸೀರೆಯ ಕುಚ್ಚು, ಹೊಲಿಗೆ ದಾರದ ರೀಲು, ಗೋಣಿಚೀಲ ಇವುಗಳಿಂದ 5 ಸೆಂ.ಮೀ. ನೂಲು ತೆಗೆದು ಬೇರೆ ಬೇರೆ ಕಾಗದದಲ್ಲಿ ಮಡಚಿ, ಒಳಗೆ ಸಂಖ್ಯೆ ಹಾಕಿ. ಒಂದು ವಾರದ ಮೇಲೆ ಯಾರಿಂದಲಾದರೂ ಪೊಟ್ಟಣಗಳನ್ನು ಅದಲುಬದಲು ಮಾಡಿಸಿ, ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಪ್ರತಿಯೊಂದರ ಹುರಿಯ ದಿಕ್ಕು, ಇಂಚಿಗೆ ಸುತ್ತು, ಎಷ್ಟು ನೂಲು ಸೇರಿದ ಹುರಿ, ರಿಂಗೋ ರೋಟರೋ, ಎಳೆಯ ಜಾತಿ ಬರೆದುಕೊಂಡು ಯಾವುದು ಯಾವ ಬಟ್ಟೆಯದೆಂದು ಹೇಳಲು ನೋಡಿ. ಟವೆಲ್ಲಿನ ಮೈಮೇಲಿನ ಕುಣಿಕೆಗೂ ತಳದ ಹಾಸಿಗೂ ಬೇರೆ ಬೇರೆ ನೂಲಿರುತ್ತದೆ, ಮೊದಲ ಸಲ ತಪ್ಪುವುದು ಸಾಮಾನ್ಯವಾಗಿ ಅಲ್ಲಿ.